ಮೋಟಾರಿನ ಹಣೆಬರಹ

ಇಂಗ್ಲೆಂಡಿನ ಲೆಸ್ಟರ್ ಪಟ್ಟಣದಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಈಚೆಗೆ ಬರೆದ ಕಾಗದದಲ್ಲಿ ಒಂದು ಪ್ರಶ್ನೆಯನ್ನು ಕೇಳಿದ್ದ. ಷಟ್ಪದಿಯ ಗಣದ ವಿಷಯವಾಗಿಯೋ ಶಬ್ದಮಣಿದರ್ಪಣದ ಸೂತ್ರದ ವಿಷಯವಾಗಿಯೋ ಆಗಿದ್ದರೆ ಸಲೀಸಾಗಿ ಉತ್ತರ ಬರೆಯಬಹುದಿತ್ತು. ಅವನು ಕೇಳಿದ್ದು ಮೋಟಾರು ಕಾರಿನ ನಂಬರಿನ ವಿಷಯ. “ಸಾರ್, ಮಗಳು ಉಮಾಳ ಹೆಸರು ಬರುವಂಥ ನಂಬರೊಂದನ್ನು ನಮ್ಮ ಕಾರಿಗೆ ಕೊಳ್ಳಬೇಕೆಂದಿದ್ದೇನೆ. ಸರ್ಕಾರದಿಂದ ನೇರವಾಗಿ ಕೊಂಡರೆ ಕೊನೆಯಲ್ಲಿ ‘ಉಮಾ’ ಎಂದು ಬರುವ ಏಳಕ್ಷರದ ನಂಬರು ಸಿಗುತ್ತದೆ. ದಲ್ಲಾಳಿಯೊಬ್ಬನ ಬಳಿ ಮೊದಲಿಗೇ ‘ಉಮಾ’ ಎಂದಿರುವ ಹಳೆಯ ನಂಬರು ಇದೆ. ಬೆಲೆ ಹೆಚ್ಚು. ಆದರೆ ಅದು ಈಗಲೂ 1950ರ ದಶಕದ ಒಂದು ಮಾರಿಸ್ ಗಾಡಿಯ ಮೇಲಿದೆಯಂತೆ. ನಾನು ಒಪ್ಪಿದರೆ ಅದರಿಂದ ಕಳಚಿ ನನಗೆ ಕೊಡುತ್ತಾರೆ. ಯಾಕೋ ಮನಸ್ಸು ಹಿಂಜರಿಯುತ್ತಿದೆ. ನೀವು ಏನು ಹೇಳುತ್ತೀರಿ?”

ಕನ್ನಡದ ಮೇಷ್ಟರನ್ನು ಕೇಳಬೇಕಾದ ಪ್ರಶ್ನೆಯೇ ಇದು ಎಂದು ಮೊದಲು ನಗು ಬಂದಿತು. ಆಮೇಲೆ, ಇಂಗ್ಲೆಂಡಿನ ಈ ನಂಬರುಗಳ ಚರಿತ್ರೆಯನ್ನು ಓದುತ್ತ ಹೋದಂತೆ, ಅವನು ಕೇಳಿದ್ದು ಸರಿಯಾದ ಕಡೆಯಲ್ಲಿಯೇ ಎನ್ನಿಸಿತು. ಓದಿದ್ದನ್ನು ವಾಚಕರ ಮುಂದಿಡುತ್ತಿದ್ದೇನೆ.

ಮೋಟಾರಿಗೆ ನಂಬರು ಕಟ್ಟಿದ್ದು ಅಲಂಕಾರಕ್ಕಲ್ಲ, ಅನುಮಾನದಿಂದ. ಈ ವಿಷಯದಲ್ಲಿ ಮೊದಲಿಗರು ಪ್ಯಾರಿಸಿನ ಪೋಲೀಸರು. ಅಲ್ಲಿ 1893ರ ಆಗಸ್ಟ್ 14ರ ಆಜ್ಞೆಯೊಂದು ಮೋಟಾರು ಗಾಡಿಗಳು ಗುರುತಿನ ಫಲಕವನ್ನು ಹೊತ್ತಿರಬೇಕೆಂದು ವಿಧಿಸಿತು. ಇಂಗ್ಲೆಂಡಿನಲ್ಲಿ ಮೋಟಾರಿನ ಮೇಲಿನ ಅಪನಂಬಿಕೆ ಅದಕ್ಕೂ ಹಳೆಯದು. ಉಗಿಯಂತ್ರದ ಗಾಡಿಗಳಿಗಾಗಿ ಮಾಡಿದ 1865ರ ಕಾಯಿದೆಯಲ್ಲಿ ಊರೊಳಗೆ ಗಂಟೆಗೆ ಎರಡು ಮೈಲಿ, ಊರ ಹೊರಗೆ ನಾಲ್ಕು ಮೈಲಿಯ ವೇಗ ಮಾತ್ರ. ಮುಂದೆ 60 ಗಜ ದೂರದಲ್ಲಿ ಒಬ್ಬ ಮನುಷ್ಯ ಕೆಂಪು ಬಾವುಟ ಹಿಡಿದು ನಡೆಯಬೇಕು. 1896ರಲ್ಲಿ ಈ ಕಟ್ಟು ಸಡಿಲಿ ವೇಗದ ಮಿತಿ 14 ಮೈಲಿಗೆ ಏರಿತು. 1903ರಲ್ಲಿ ಅದನ್ನು ಇಪ್ಪತ್ತಕ್ಕೆ ಏರಿಸುವ ಮಾತು ಬಂದಾಗ ಹಳ್ಳಿಯ ಜನರ ದೂರು ಒಂದೇ: ಧೂಳೆಬ್ಬಿಸಿಕೊಂಡು, ಕೋಳಿ ನಾಯಿಗಳನ್ನು ತುಳಿದುಕೊಂಡು ಓಡಿಹೋದವನು ಯಾರೆಂದು ಗುರುತು ಹಿಡಿಯುವುದು ಹೇಗೆ? ಕೊನೆಗೆ ಕೊಟ್ಟುಕೊಳ್ಳುವ ಒಪ್ಪಂದವೊಂದು ಆಯಿತೆನ್ನಬೇಕು. ಗಾಡಿಯವನಿಗೆ ವೇಗ ಸಿಕ್ಕಿತು, ದಾರಿಹೋಕನಿಗೆ ನಂಬರು ಸಿಕ್ಕಿತು. 1903ರ ಮೋಟಾರು ಕಾರು ಕಾಯಿದೆ 1904ರ ಜನವರಿ 1ರಿಂದ ಜಾರಿಗೆ ಬಂದಿತು. ಕಾರನ್ನು ದಾಖಲು ಮಾಡಿಸಲು ಒಂದು ಪೌಂಡು, ಮೋಟಾರು ಸೈಕಲ್ಲಿಗೆ ಐದು ಷಿಲಿಂಗು. ಕೈದಿಗಳಂತೆ ತಮಗೂ ನಂಬರು ಹಚ್ಚುತ್ತಾರಲ್ಲ ಎಂದು ಆಗಿನ ಶ್ರೀಮಂತರು ಗೊಣಗಿಕೊಂಡರು. ಅವರ ಮೊಮ್ಮಕ್ಕಳು ಅದೇ ನಂಬರಿಗಾಗಿ ಹರಾಜಿನಲ್ಲಿ ಕೈಯೆತ್ತುತ್ತಾರೆಂದು ಆಗ ಯಾರು ತಾನೇ ಎಣಿಸಿದ್ದರು!

ನಂಬರು ಹಂಚುವ ಕೆಲಸ ಕೌಂಟಿ ಎಂಬ ಜಿಲ್ಲೆಗಳ ಮತ್ತು ದೊಡ್ಡ ಪಟ್ಟಣಗಳ ಆಡಳಿತ ಸಭೆಗಳಿಗೆ ಬಂದಿತು. 1901ರ ಜನಗಣತಿಯನ್ನು ಮುಂದಿಟ್ಟುಕೊಂಡು, ಜನ ಹೆಚ್ಚಿದ್ದ ಕಡೆಗಳಿಗೆ ಒಂದೊಂದು ಅಕ್ಷರ, ಉಳಿದವಕ್ಕೆ ಎರಡೆರಡು ಅಕ್ಷರ ಕೊಟ್ಟರು. ಲಂಡನ್ನಿಗೆ ‘ಎ’, ಲ್ಯಾಂಕಷೈರಿಗೆ ‘ಬಿ’, ಎಸೆಕ್ಸಿಗೆ ‘ಎಫ್’. ‘ಜಿ’ ಎಂಬುದನ್ನು ಗ್ಲಾಸ್ಗೊ ನಗರಕ್ಕೂ ‘ಎಸ್’ ಎಂಬುದನ್ನು ಎಡಿನ್‌ಬರೊ ನಗರಕ್ಕೂ ಮೀಸಲಿಟ್ಟರು. ಅಕ್ಷರದ ಮುಂದೆ ಒಂದರಿಂದ 9999ರ ವರೆಗೆ ಅಂಕೆ. ಯಾವ ಚೆಂದವನ್ನೂ ಬಯಸದ, ಗುಮಾಸ್ತರ ಅನುಕೂಲಕ್ಕೆಂದು ಹುಟ್ಟಿದ ಏರ್ಪಾಡು ಇದು.

ಆದರೆ ಮನುಷ್ಯ ಅಕ್ಷರವನ್ನು ಕಂಡರೆ ಅರ್ಥವನ್ನು ಹುಡುಕದೆ ಬಿಡುವನೇ? ಡಾರ್ಸೆಟ್ ಕೌಂಟಿಗೆ ಬಂದ ಅಕ್ಷರಗಳು ‘ಬಿ’ ಮತ್ತು ‘ಎಫ್’. ಇಂಗ್ಲಿಷಿನ ಬೀದಿಮಾತಿನಲ್ಲಿ ಆ ಎರಡಕ್ಷರ ‘ಶತಮೂರ್ಖ’ ಎಂಬ ಬೈಗುಳದ ಸಂಕ್ಷೇಪ. ಆ ಬಿರುದನ್ನು ಗಾಡಿಯ ಹಿಂದೆ ಮುಂದೆ ಕಟ್ಟಿಕೊಂಡು ಊರೂರು ತಿರುಗಲು ಡಾರ್ಸೆಟ್ಟಿನ ಮಹನೀಯರು ಒಪ್ಪಲಿಲ್ಲ. 1904 ಮುಗಿಯುವುದರೊಳಗೆ ಅವರಿಗೆ ‘ಎಫ್‌ಎಕ್ಸ್’ ಎಂಬ ಬೇರೆ ಅಕ್ಷರಗಳನ್ನು ಕೊಡಬೇಕಾಯಿತು.

ಬೈಗುಳ ಬೇಡವೆನ್ನುವವರಿದ್ದಂತೆ ಹಿರಿಮೆ ಬೇಕೆನ್ನುವವರೂ ಮೊದಲ ದಿನದಿಂದಲೇ ಇದ್ದರು. ಲಂಡನ್ನಿನ ‘ಎ 1’ನ್ನು ಪಡೆದವನು ಎರಡನೆಯ ಅರ್ಲ್ ರಸೆಲ್, ತತ್ತ್ವಜ್ಞಾನಿ ಬರ್ಟ್ರಂಡ್ ರಸೆಲ್ಲನ ಅಣ್ಣ. ಆ ನಂಬರಿಗಾಗಿ ಅವನು ರಾತ್ರಿಯೆಲ್ಲ ಕಚೇರಿಯ ಬಾಗಿಲಲ್ಲಿ ಕಾದನೆಂದೂ, ಎರಡನೆಯವನಿಗಿಂತ ಐದೇ ಸೆಕೆಂಡು ಮುಂದಿದ್ದನೆಂದೂ ಒಂದು ಕಥೆ ಪ್ರಚಾರದಲ್ಲಿದೆ. ‘ಎ 1’ ಎಂಬುದೇ ಇಂಗ್ಲೆಂಡಿನ ಮೊದಲ ನಂಬರೆಂದು ಬಹಳ ಜನ ನಂಬಿದ್ದಾರೆ. ಆದರೆ ಹೇಸ್ಟಿಂಗ್ಸ್ ಪಟ್ಟಣದವರು 1903ರ ನವೆಂಬರಿನಲ್ಲಿಯೇ ‘ಡಿವೈ 1’ನ್ನು ಕೊಟ್ಟಿದ್ದರು. ಈ ರಸೆಲ್ ಮುಂದೆ 1929ರಲ್ಲಿ ಸಾರಿಗೆ ಖಾತೆಯಲ್ಲಿಯೂ ಆಮೇಲೆ ಇಂಡಿಯಾ ಖಾತೆಯಲ್ಲಿಯೂ ಉಪಮಂತ್ರಿಯಾಗಿದ್ದನೆಂಬುದು ನಮ್ಮ ದೇಶದ ಮಟ್ಟಿಗೆ ಒಂದು ಸಣ್ಣ ನೆನಪು.

ನಂಬರು ಮುಗಿಯುವುದು, ಹೊಸ ಕ್ರಮ ಹುಟ್ಟುವುದು, ಇದೇ ಮುಂದಿನ ಕಥೆ. 9999 ತುಂಬಿದ ಮೇಲೆ 1932ರಲ್ಲಿ ಸ್ಟಾಫರ್ಡ್‌ಷೈರಿನವರು ತಮ್ಮ ಎರಡಕ್ಷರಗಳ ಹಿಂದೆ ಇನ್ನೊಂದನ್ನು ಸೇರಿಸಿ ಮೂರಕ್ಷರದ ಕ್ರಮವನ್ನು ಆರಂಭಿಸಿದರು. ನನ್ನ ಶಿಷ್ಯನ ‘ಉಮಾ’ ಹುಟ್ಟಿದ್ದು ಈ ಕ್ರಮದಲ್ಲಿ. ‘ಎಂಎ’ ಎಂಬುದು ಚೆಷೈರ್ ಕೌಂಟಿಯ ಗುರುತು. ಅದರ ಹಿಂದೆ ‘ಎ’, ‘ಬಿ’, ‘ಸಿ’ ಎಂದು ಸೇರಿಸುತ್ತ ಹೋದವರು ‘ಯು’ಗೆ ಬಂದಾಗ ಅಲ್ಲಿಯ ಗಾಡಿಗಳ ಮೇಲೆ ಗಿರಿಜೆಯ ಹೆಸರು ಮೂಡಿತು. ಬರೆದ ಗುಮಾಸ್ತನಿಗೆ ಅದರ ಅರಿವೇ ಇದ್ದಿರಲಾರದು.

1963ರಲ್ಲಿ ಬಂದ ಬದಲಾವಣೆ ಮಾತ್ರ ಬೇರೆಯ ಬಗೆಯದು. ನಂಬರಿನ ಕೊನೆಗೆ ವರ್ಷವನ್ನು ತಿಳಿಸುವ ಒಂದಕ್ಷರ ಸೇರಿತು. 1965ರ ಹೊತ್ತಿಗೆ ಎಲ್ಲ ಕೌಂಟಿಗಳೂ ಇದನ್ನು ಅನುಸರಿಸಬೇಕಾಯಿತು. 1967ರಿಂದ ಈ ವರ್ಷಾಕ್ಷರ ಆಗಸ್ಟ್ 1ರಂದು ಬದಲಾಗತೊಡಗಿತು. ಅಲ್ಲಿಯ ವರೆಗೆ ಗಾಡಿಯ ವಯಸ್ಸು ದಾಖಲೆಯ ಪುಸ್ತಕದಲ್ಲಿತ್ತು. ಅಂದಿನಿಂದ ಅದು ಬೀದಿಯಲ್ಲಿ ಹೋಗುವವರಿಗೆಲ್ಲ ಕಾಣುವಂತೆ ಬೆನ್ನಿನ ಮೇಲೆ ಬಂದಿತು. ಪರಿಣಾಮವಾಗಿ ಎರಡು ಬಗೆಯ ಆಸೆಗಳು ಹುಟ್ಟಿದವು. ಹೊಸ ಅಕ್ಷರ ಬರಲೆಂದು ಕಾದು ಆಗಸ್ಟಿನಲ್ಲಿಯೇ ಕಾರು ಕೊಳ್ಳಲು ಮುಗಿಬೀಳುವುದು ಒಂದು. ವರ್ಷವನ್ನೇ ಹೇಳದ ಹಳೆಯ ನಂಬರನ್ನು ಸಂಪಾದಿಸಿ ಗಾಡಿಯ ವಯಸ್ಸನ್ನು ಮರೆಮಾಚುವುದು ಇನ್ನೊಂದು. ಉತ್ತರ ಐರ್ಲೆಂಡಿನ ನಂಬರುಗಳಲ್ಲಿ ವರ್ಷಾಕ್ಷರವಿಲ್ಲ. ಆದ್ದರಿಂದ ಇಂಗ್ಲೆಂಡಿನ ಎಷ್ಟೋ ಬಸ್ಸಿನ ಯಜಮಾನರು ಅವನ್ನು ಕೊಂಡು ತಂದು ಮುದಿ ಬಸ್ಸುಗಳ ಪ್ರಾಯವನ್ನು ಮುಚ್ಚಿದರು. ಕೂದಲಿಗೆ ಬಣ್ಣ ಹಚ್ಚುವುದು ಮನುಷ್ಯರಿಗೆ ಮಾತ್ರ ಮೀಸಲಾದ ವಿದ್ಯೆಯಲ್ಲ.

ದಲ್ಲಾಳಿಗಳು ಬೆಳೆದದ್ದು ಈ ಆಸೆಗಳ ನೆರಳಿನಲ್ಲಿ. ನಂಬರು ಗಾಡಿಗೆ ಅಂಟಿದ್ದು. ಆದರೆ ಒಂದು ಗಾಡಿಯಿಂದ ಇನ್ನೊಂದಕ್ಕೆ ಅದನ್ನು ವರ್ಗಾಯಿಸಿಕೊಳ್ಳಲು ಅವಕಾಶವಿತ್ತು. ತಂದೆಯ ಕಾರಿನ ನಂಬರನ್ನು ಮಗ ತನ್ನ ಕಾರಿಗೆ ಉಳಿಸಿಕೊಳ್ಳಲಿ ಎಂಬಂಥ ಅಕ್ಕರೆಯ ಸೌಲಭ್ಯ ಅದು. ಇಂಗ್ಲಿಷಿನಲ್ಲಿ ಇಂದಿಗೂ ಇವನ್ನು ‘ಅಕ್ಕರೆಯ ನಂಬರು’ ಎಂಬರ್ಥದ ಹೆಸರಿನಿಂದಲೇ ಕರೆಯುತ್ತಾರೆ. ವ್ಯಾಪಾರಿ ಈ ಅಕ್ಕರೆಯ ಬಾಗಿಲಿನಿಂದ ಒಳಗೆ ಬಂದ. ಚೆನ್ನಾದ ನಂಬರಿರುವ ಹಳೆಯ ಗಾಡಿಯನ್ನು ಹುಡುಕಿ, ಅದನ್ನು ಕೊಂಡು, ನಂಬರನ್ನು ಗಿರಾಕಿಯ ಹೊಸ ಕಾರಿಗೆ ವರ್ಗಾಯಿಸಿ ಹಣ ಮಾಡಿದ. ಹಾಲಿಗಾಗಿ ಹಸುವನ್ನು ಕೊಳ್ಳುವುದುಂಟು. ಇದು ಕೊರಳ ಗಂಟೆಗಾಗಿ ಹಸುವನ್ನು ಕೊಂಡಂತೆ.

1974ರಿಂದ ಕೌಂಟಿಗಳ ಕೈಯಿಂದ ಈ ಕೆಲಸವೆಲ್ಲ ವೇಲ್ಸಿನ ಸ್ವಾನ್ಸಿ ಪಟ್ಟಣದ ಕೇಂದ್ರ ಕಚೇರಿಗೆ ಹೋಯಿತು. ಅಲ್ಲಿ ಕುಳಿತು ನೋಡಿದ ಸರ್ಕಾರಕ್ಕೆ, ತಾನು ಪುಕ್ಕಟೆಯಾಗಿ ಹಂಚುತ್ತಿರುವ ಅಕ್ಷರಗಳಿಂದ ಇತರರು ಹಣ ಮಾಡುತ್ತಿರುವುದು ಕಣ್ಣಿಗೆ ಬೀಳದೆ ಇರುತ್ತದೆಯೇ? 1983ರಲ್ಲಿ ವರ್ಷಾಕ್ಷರ ಕೊನೆಯಿಂದ ಮೊದಲಿಗೆ ಬಂದಾಗ ಒಂದರಿಂದ ಇಪ್ಪತ್ತರ ವರೆಗಿನ ಅಂಕೆಗಳನ್ನು ಹಂಚದೆ ತಡೆಹಿಡಿದಿದ್ದರು. 1989ರಲ್ಲಿ ಸರ್ಕಾರವೇ ಅಂಗಡಿ ತೆರೆಯಿತು. ಆ ವರ್ಷದ ಡಿಸೆಂಬರಿನಲ್ಲಿ ಲಂಡನ್ನಿನ ಕ್ರಿಸ್ಟೀಸ್ ಹರಾಜು ಸಂಸ್ಥೆಯಲ್ಲಿ, ಚಿತ್ರ ಶಿಲ್ಪಗಳನ್ನು ಹರಾಜು ಹಾಕುವ ಮನೆಯಲ್ಲಿ, ಮೊದಲ ಹರಾಜು ನಡೆಯಿತು. ‘1 ಎ’ ಎಂಬ ನಂಬರು ಲಕ್ಷ ಪೌಂಡಿಗೂ ಮಿಕ್ಕಿ ಹೋಯಿತು. ಅಂದಿನಿಂದ ಇಂದಿನ ವರೆಗೆ ಈ ಮಾರಾಟದಿಂದ ಬ್ರಿಟನ್ನಿನ ಬೊಕ್ಕಸಕ್ಕೆ ನೂರು ಕೋಟಿ ಪೌಂಡಿಗೂ ಹೆಚ್ಚು ಹಣ ಬಂದಿದೆ.

ಬೆಲೆಗಳನ್ನು ಕೇಳಿದರೆ ನಮ್ಮಂಥವರು ಹುಬ್ಬೇರಿಸುವುದು ಸಹಜ. ‘ಕೆ’, ‘1’, ‘ಎನ್’, ‘ಜಿ’, ‘ಎಸ್’ ಎಂಬ ನಂಬರಿನಲ್ಲಿ ಒಂದನ್ನು ‘ಐ’ ಎಂದು ಓದಿಕೊಂಡರೆ ‘ಕಿಂಗ್ಸ್’ ಆಗುತ್ತದೆ. 1993ರಲ್ಲಿ ಅದರ ಬೆಲೆ 2,31,000 ಪೌಂಡು. ‘51’ ಮುಂದೆ ‘ಎನ್’, ‘ಜಿ’, ‘ಎಚ್’ ಇದ್ದರೆ ಐದು ‘ಎಸ್’ ಆಗಿ, ಒಂದು ‘ಐ’ ಆಗಿ, ‘ಸಿಂಗ್’ ಎಂಬ ಹೆಸರು ಕಾಣುತ್ತದೆ. 2006ರಲ್ಲಿ ಅದಕ್ಕೆ 2,54,000 ಪೌಂಡು. ಪಂಜಾಬಿನಿಂದ ಹೋಗಿ ನೆಲೆಸಿದ ಜನರ ಹೆಸರು ಆಂಗ್ಲರ ಅಕ್ಷರಕ್ರಮದೊಳಗೇ ಹೀಗೆ ಜಾಗ ಮಾಡಿಕೊಂಡಿತು. 2001ರ ಸೆಪ್ಟೆಂಬರಿನಿಂದ ಈಗಿನ ಕ್ರಮ ಬಂದಿದೆ: ಮೊದಲು ಊರಿನ ಎರಡಕ್ಷರ, ನಡುವೆ ಕಾಲದ ಎರಡಂಕೆ, ಕೊನೆಗೆ ಮೂರಕ್ಷರ. 2015ರಲ್ಲಿ ನಡುವಿನ ಅಂಕೆ 15 ಆಗಿ ಬಂದಾಗ, ಅದನ್ನು ‘ಐಎಸ್’ ಎಂದು ಓದಿಕೊಂಡು, ಹಿಂದೆ ‘ಕೆಆರ್’ ಮುಂದೆ ‘ಎಚ್‌ಎನ್‌ಎ’ ಸೇರಿಸಿ ‘ಕೃಷ್ಣ’ನನ್ನು ಕಂಡವರಿದ್ದರು. ಆ ನಂಬರೂ ಎರಡು ಲಕ್ಷ ಪೌಂಡನ್ನು ದಾಟಿತು. ಎಲ್ಲವನ್ನೂ ಮೀರಿಸಿದ್ದು 2014ರಲ್ಲಿ ಮಾರಾಟವಾದ ‘25’ ಮತ್ತು ‘ಒ’. ಕೂಡಿಸಿ ಓದಿದರೆ 250, ಹೆಸರಾಂತ ಹಳೆಯ ಫೆರಾರಿ ಕಾರಿನ ಸಂಖ್ಯೆ. ಶುಲ್ಕಗಳೆಲ್ಲ ಸೇರಿ ಅದರ ಬೆಲೆ 5,18,000 ಪೌಂಡು. ಎಸೆಕ್ಸ್ ಕೌಂಟಿಯ ಆಡಳಿತದವರು 1904ರಿಂದ ತಮ್ಮ ಗಾಡಿಗೆ ಕಟ್ಟಿಕೊಂಡಿದ್ದ ‘ಎಫ್ 1’ನ್ನು 2008ರಲ್ಲಿ ಮಾರಿದಾಗ 4,40,000 ಪೌಂಡಿಗೂ ಹೆಚ್ಚು ಬಂದಿತು. ಜನಗಣತಿಯನ್ನು ನೋಡಿ ಕೊಟ್ಟ ಒಂದಕ್ಷರ, ನೂರು ವರ್ಷದ ಮೇಲೆ ಮೋಟಾರು ಪಂದ್ಯದ ಹೆಸರಾಗಿ ಕಂಡುದರ ಫಲ!

ಇನ್ನು ನಿಜವಾದ ಹಿರಿಮೆ ಎಲ್ಲಿದೆಯೆಂದು ನೋಡಿದರೆ, ಲಂಡನ್ನಿನ ಲಾರ್ಡ್ ಮೇಯರರ ಗಾಡಿಯ ನಂಬರು ‘ಎಲ್‌ಎಂ 0’. ಎಡಿನ್‌ಬರೊ ನಗರದ ಪ್ರಥಮ ಪ್ರಜೆಯದು ‘ಎಸ್ 0’. ದೊರೆ ರಾಜ್ಯೋತ್ಸವಗಳಿಗೆ ಏರುವ ಕಾರುಗಳಿಗಂತೂ ನಂಬರೇ ಇಲ್ಲ. ಒಂದಕ್ಕಿಂತ ಸೊನ್ನೆ ದೊಡ್ಡದು, ಸೊನ್ನೆಗಿಂತ ಬಯಲು ದೊಡ್ಡದು. ಶೂನ್ಯ ಬಯಲುಗಳ ಮಾತನ್ನು ನಮ್ಮ ಶರಣರಿಂದ ಕಲಿತವರಿಗೆ ಇದರಲ್ಲಿ ಸೋಜಿಗವೇನೂ ಕಾಣದು.

ಈಗ ನೇರವಾಗಿ ಕೊಳ್ಳುವುದೋ, ದಲ್ಲಾಳಿಯ ಮೂಲಕ ಕೊಳ್ಳುವುದೋ ಎಂಬ ಪ್ರಶ್ನೆಗೆ ಬರೋಣ. ಸ್ವಾನ್ಸಿಯ ಕಚೇರಿ ಮಾರುವುದು ಇನ್ನೂ ಯಾವ ಗಾಡಿಗೂ ಅಂಟದ ನಂಬರುಗಳನ್ನು. ಎಲ್ಲ ಸೇರಿ 250 ಪೌಂಡಿನಿಂದ ಬೆಲೆ ಆರಂಭವಾಗುತ್ತದೆ. ನಂಬರನ್ನು ಗಾಡಿಗೆ ಹೊಂದಿಸುವ 80 ಪೌಂಡು ಅದರಲ್ಲಿಯೇ ಅಡಕ. ಒಮ್ಮೆ ಗಾಡಿಯ ಮೇಲೆ ಓಡಾಡಿದ ನಂಬರು ಬೇಕಾದರೆ ಅದನ್ನು ಪಡೆದವರಿಂದಲೇ ಕೊಳ್ಳಬೇಕು. ಅಂಥವರನ್ನು ಹುಡುಕಿ, ಬೆಲೆ ಕುದುರಿಸಿ, ಕಾಗದಪತ್ರ ನೋಡಿಕೊಳ್ಳುವುದೇ ದಲ್ಲಾಳಿಯ ಕಸುಬು. ಅದಕ್ಕೆ ಅವನ ಪಾಲು ಬೇರೆ. ಕಾಗದಗಳು ಎರಡು ಬಗೆ: ಹೊಸ ನಂಬರಿನ ಹಕ್ಕನ್ನು ತಿಳಿಸುವ ‘ವಿ 750’, ಗಾಡಿಯಿಂದ ಕಳಚಿ ಇಟ್ಟುಕೊಂಡ ನಂಬರಿನ ‘ವಿ 778’. 2015ರಿಂದ ಇವು ಹತ್ತು ವರ್ಷ ಊರ್ಜಿತ, ಆಮೇಲೆ ನವೀಕರಿಸಿಕೊಳ್ಳಬೇಕು.

ಆದರೆ ಎರಡು ದಾರಿಯಲ್ಲಿ ಯಾವುದನ್ನು ಹಿಡಿದರೂ ಕೊಂಡವನು ನಂಬರಿನ ಒಡೆಯನಾಗುವುದಿಲ್ಲ. ಅದನ್ನು ತನ್ನ ಗಾಡಿಯ ಮೇಲೆ ತೋರಿಸಿಕೊಳ್ಳುವ ಹಕ್ಕು ಮಾತ್ರ ಅವನದು, ನಂಬರು ಎಂದೆಂದಿಗೂ ಸರ್ಕಾರದ್ದು. ಗಾಡಿಯನ್ನು ಅದರ ನಿಜವಾದ ವಯಸ್ಸಿಗಿಂತ ಹೊಸದಾಗಿ ತೋರಿಸುವ ನಂಬರನ್ನು ಕಟ್ಟುವಂತಿಲ್ಲ. ಹಳೆಯದಾಗಿ ತೋರಿಸಿದರೆ ಅಡ್ಡಿಯಿಲ್ಲ. ಹೆಸರು ಚೆನ್ನಾಗಿ ಮೂಡಲೆಂದು ಅಕ್ಷರಗಳ ನಡುವಿನ ಅಂತರವನ್ನು ಹಿಗ್ಗಿಸಿ ಕುಗ್ಗಿಸಿದರೆ ಸಾವಿರ ಪೌಂಡಿನ ವರೆಗೆ ದಂಡ, ನಂಬರನ್ನೇ ಕಸಿದುಕೊಳ್ಳಲೂಬಹುದು. ಸರ್ಕಾರ ‘ಇದು ನಿನ್ನ ಹೆಸರಿನಂತಿದೆ’ ಎಂದು ಮಾರುತ್ತದೆ, ‘ಇದನ್ನು ಹೆಸರಿನಂತೆ ಬರೆಯಬೇಡ’ ಎಂದು ದಂಡ ಹಾಕುತ್ತದೆ. ಮಾರುವವನೂ ಕಾಯುವವನೂ ಒಬ್ಬನೇ ಆದಾಗ ಇಂಥ ಇಬ್ಬಂದಿತನ ತಪ್ಪದು.

ಇಷ್ಟೆಲ್ಲ ವಿನೋದದ ಕಥೆಯೇ. ನನ್ನನ್ನು ಕಾಡಿದ್ದು ಬೇರೆಯ ಸಂಗತಿ. 1903ರ ಕಾಯಿದೆಯಂತೆ ಪ್ರತಿಯೊಂದು ಕೌಂಟಿಯೂ ಒಂದು ಪುಸ್ತಕವನ್ನು ಇಟ್ಟಿತ್ತು. ನಂಬರಿನ ಎದುರಿಗೆ ಒಡೆಯನ ಹೆಸರು, ವಿಳಾಸ, ಗಾಡಿಯ ಮಾದರಿ, ಬಣ್ಣ, ತೂಕ, ಸ್ವಂತಕ್ಕೋ ವ್ಯಾಪಾರಕ್ಕೋ ಎಂಬ ವಿವರ. ಒಂದು ಊರಿನಲ್ಲಿ ಮೊದಲು ಮೋಟಾರು ಕೊಂಡವನು ವೈದ್ಯನೋ, ಪಾದ್ರಿಯೋ, ರೊಟ್ಟಿಯಂಗಡಿಯವನೋ ಎಂದು ಇದರಿಂದ ತಿಳಿಯಬಹುದು. ಸಮಾಜದ ಚರಿತ್ರೆಯನ್ನು ಬರೆಯುವವರಿಗೆ ಇದಕ್ಕಿಂತ ಒಳ್ಳೆಯ ಆಕರ ಯಾವುದು? ಕೆಲಸ ಸ್ವಾನ್ಸಿಗೆ ಹೋದ ಮೇಲೆ ಈ ಪುಸ್ತಕಗಳಲ್ಲಿ ಅನೇಕವನ್ನು ರದ್ದಿಗೆ ಹಾಕಿದರು. ಕೆಲವು ಜಿಲ್ಲಾ ದಾಖಲೆಗಳ ಭಂಡಾರದಲ್ಲಿ ಉಳಿದಿವೆ. 1983ರ ನವೆಂಬರ್ ಕೊನೆಯೊಳಗೆ ಕೇಂದ್ರದ ಪಟ್ಟಿಗೆ ಸೇರದ ಗಾಡಿಗಳು ತಮ್ಮ ನಂಬರಿನ ಹಕ್ಕನ್ನೇ ಕಳೆದುಕೊಂಡವು. ಪುಸ್ತಕ ಹೋದ ಕಡೆ ಗಾಡಿಯ ಮೇಲಿನ ನಂಬರೊಂದೇ ಅದರ ಹುಟ್ಟೂರಿನ ಸಾಕ್ಷಿ. ಅದನ್ನು ಕಳಚಿದರೆ ಅದೂ ಹೋಯಿತು. ಕಳಚಿಕೊಂಡ ಗಾಡಿಗೆ ಅದರ ವಯಸ್ಸಿಗೆ ಒಪ್ಪುವ ಬದಲಿ ನಂಬರನ್ನೇನೋ ಕೊಡುತ್ತಾರೆ. ಆದರೆ ಅದಕ್ಕೂ ಗಾಡಿಯ ಬಾಳಿಗೂ ಸಂಬಂಧವಿಲ್ಲ.

ಇದರಿಂದ ಬಂದ ನಷ್ಟ ಆ ದೇಶದವರಿಗೆ ತಿಳಿಯದೆ ಇಲ್ಲ. ತಮ್ಮ ಹಳೆಯ ಗಾಡಿಗೆ ಈ ನಂಬರೇ ಇತ್ತೆಂದು ಹಳೆಯ ದಾಖಲೆಯಿಂದ ತೋರಿಸಿಕೊಟ್ಟರೆ ಕಳೆದ ನಂಬರನ್ನು ಅದಕ್ಕೆ ಮರಳಿ ಕೊಡುವ ಏರ್ಪಾಡೊಂದು ಸ್ವಾನ್ಸಿಯ ಕಚೇರಿಯಲ್ಲಿದೆ. ಹಾಗೆ ಮರಳಿ ಬಂದ ನಂಬರನ್ನು ಮುಂದೆ ಎಂದಿಗೂ ಬೇರೆ ಗಾಡಿಗೆ ವರ್ಗಾಯಿಸುವಂತಿಲ್ಲ. ಮಾರುವ ಕೈಯೇ ಹೀಗೆ ಒಂದು ಮೂಲೆಯಲ್ಲಿ ಮಾರಬಾರದ್ದನ್ನೂ ಕಾಯುತ್ತಿರುವುದು ಮೆಚ್ಚತಕ್ಕ ಮಾತು.

ನಮ್ಮ ಹಳೆಗನ್ನಡದಲ್ಲಿ ‘ಅಂಕ’ ಎಂದರೆ ಸಂಖ್ಯೆ, ಗುರುತು, ಯುದ್ಧ, ಬಿರುದು ಇಷ್ಟೂ ಹೌದು. ಶಾಸನಗಳಲ್ಲಿ ಅರಸರ ಬಿರುದುಗಳ ಸಾಲಿಗೆ ‘ಅಂಕಮಾಲೆ’ ಎಂದು ಹೆಸರು. ಹೊಯ್ಸಳ ವಿಷ್ಣುವರ್ಧನ ‘ತಲಕಾಡುಗೊಂಡ’ನಾದದ್ದು ತಲಕಾಡನ್ನು ಗೆದ್ದು. ಅಂಕೆಯನ್ನು ಬಿರುದಾಗಿ ಕೊಳ್ಳುವುದು ನಮ್ಮ ಕಾಲದ ಕಾಣಿಕೆ. ಇಂಗ್ಲೆಂಡಿನವರನ್ನು ನೋಡಿ ನಗುವ ಹಕ್ಕು ನಮಗೂ ಇಲ್ಲ. ಮೈಸೂರಿನ ‘ಎಂವೈ’ ಹೋಗಿ ಕರ್ನಾಟಕದ ‘ಕೆಎ’ ಬಂದ ಮೇಲೆ ನಮ್ಮ ಸಾರಿಗೆ ಕಚೇರಿಗಳೂ ಮೋಹದ ಸಂಖ್ಯೆಗಳನ್ನು ಹರಾಜು ಹಾಕುತ್ತಿವೆ, ಲಕ್ಷಗಟ್ಟಲೆ ರೂಪಾಯಿ ಸುರಿಯುವವರೂ ಇದ್ದಾರೆ.

ಶಾಸನದ ಪಾಠ ಹೇಳುವಾಗ ನಾನು ಪ್ರತಿ ವರ್ಷವೂ ತರಗತಿಯಲ್ಲಿ ಒಂದು ಮಾತನ್ನು ಹೇಳುವುದುಂಟು. ಕೆರೆಯ ಏರಿಯ ಮೇಲಿದ್ದ ವೀರಗಲ್ಲನ್ನು ಅಂದವಾಗಿದೆಯೆಂದು ಕಿತ್ತು ಬಂಗಲೆಯ ತೋಟದಲ್ಲಿ ನಿಲ್ಲಿಸಿದರೆ ಕಲ್ಲು ಉಳಿಯುತ್ತದೆ, ಅಕ್ಷರವೂ ಉಳಿಯುತ್ತದೆ, ಆದರೆ ಯಾರು ಯಾವ ಊರಿಗಾಗಿ ಸತ್ತರೆಂಬುದು ಅರ್ಧ ಅಳಿಸಿಹೋಗುತ್ತದೆ. ನನ್ನ ಶಿಷ್ಯ ಹಿಂಜರಿದದ್ದು ಈ ಮಾತು ಎಲ್ಲೋ ಮನಸ್ಸಿನಲ್ಲಿ ಉಳಿದಿದ್ದರಿಂದಲೋ ಏನೋ, ಅವನು ಅದನ್ನು ಬರೆದಿರಲಿಲ್ಲ.

ಅವನಿಗೆ ಹೀಗೆ ಬರೆದೆ: “ಮಗಳ ಮೇಲಿನ ಪ್ರೀತಿಗೆ ನೂರಾರು ಪೌಂಡು ಖರ್ಚು ಮಾಡುವುದು ತಪ್ಪೆಂದು ನಾನು ಹೇಳಲಾರೆ. ಕೊಳ್ಳುವುದಾದರೆ ಇನ್ನೂ ಯಾರ ಹಣೆಯ ಮೇಲೂ ಇಲ್ಲದ್ದನ್ನು ಸರ್ಕಾರದಿಂದ ಕೊಂಡುಕೋ. ಕೊನೆಯಲ್ಲಿ ಬಂದರೂ ಉಮಾ ಉಮಾಳೇ. ದಲ್ಲಾಳಿಯ ಮೇಲೆ ನನಗೆ ಸಿಟ್ಟಿಲ್ಲ, ಈಗಾಗಲೇ ಕಳಚಿದ ನಂಬರನ್ನು ಅವನು ಮಾರಿದರೆ ಮಾರಲಿ. ಆದರೆ ಆ ಮಾರಿಸ್ ಗಾಡಿ ಚೆಷೈರಿನಲ್ಲಿ ಹುಟ್ಟಿದ್ದೆಂದು ಹೇಳಲು ಅದಕ್ಕೆ ಆ ಮೂರಕ್ಷರಗಳ ಹೊರತು ಬಾಯಿಲ್ಲ.”

ಮೊನ್ನೆ ಅವನ ಉತ್ತರ ಬಂದಿತು. ನೇರವಾಗಿಯೇ ಕೊಂಡನಂತೆ. ದಲ್ಲಾಳಿಯ ಮೂಲಕ ವಿಚಾರಿಸಿ ಆ ಹಳೆಯ ಮಾರಿಸ್ ಗಾಡಿಯನ್ನೂ ಒಂದು ಭಾನುವಾರ ಹೋಗಿ ನೋಡಿ ಬಂದನಂತೆ. ಅದರ ಮುಂದೆ ಮಗಳನ್ನು ನಿಲ್ಲಿಸಿ ತೆಗೆದ ಚಿತ್ರ ಕಾಗದದ ಜೊತೆಗೆ ಇತ್ತು. ಹಸಿರು ಬಣ್ಣದ ಗಾಡಿ, ಕರಿಯ ಫಲಕದ ಮೇಲೆ ಬಿಳಿಯ ಅಕ್ಷರ. ಹುಡುಗಿ ತನ್ನ ಹೆಸರಿನ ಮೇಲೆ ಬೆರಳಿಟ್ಟು ನಗುತ್ತಿದ್ದಾಳೆ.